ಬೋಲ್ಟು ಬೆಳೆಯುವುದಿಲ್ಲ

ನಲವತ್ತೈದಕ್ಕೆ ಕೆಲಸಕ್ಕೆ ಕೈ ಮುಗಿದು ಮನೆಯಲ್ಲಿ ಕೂರುತ್ತೇನೆ! ಈ ಐತಿಹಾಸಿಕ ಘೋಷಣೆ ಹೊರಡಿಸಿದಾಗ ನನ್ನ ಸಭೆಯಲ್ಲಿ ಇದ್ದವರು ಮೂವರು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ, ನೆಲದ ಮೇಲೆ ಚಿತ್ರ ಬಿಡಿಸುತ್ತಿದ್ದ ಆರು ವರ್ಷದ ಮಗಳು, ಮತ್ತು ಕಾಲ ಹೆಬ್ಬೆರಳನ್ನು ಬಾಯಿಗಿಟ್ಟುಕೊಳ್ಳುವ ಮಹತ್ಕಾರ್ಯದಲ್ಲಿ ಮುಳುಗಿದ್ದ ನಾಲ್ಕು ತಿಂಗಳ ಮಗ, ಡುಮ್ಮ.

"ಇದಕ್ಕೆ ಆರ್ಥಿಕ ಸ್ವಾತಂತ್ರ್ಯ ಅಂತಾರೆ. ಯಾವ ಬಾಸಿಗೂ ಸಲಾಂ ಹೊಡೀಬೇಕಾಗಿಲ್ಲ. ಇಡೀ ದಿನ ಮಕ್ಕಳ ಜೊತೆ ಆಟ!"

"ಇಡೀ ದಿನ ಮನೇಲೇ ಇರ್ತೀರಾ?" ಎಂದಳು ಹೆಂಡತಿ. ಅವಳ ಯಂತ್ರ ಗಕ್ಕನೆ ನಿಂತಿತು. ಸಂತೋಷಕ್ಕೋ ಗಾಬರಿಗೋ ತಿಳಿಯಲಿಲ್ಲ.

ಮಗಳು ತಲೆಯೆತ್ತಿದಳು. ಮಾತುಮಾತಿಗೂ ಪಾಟೀಸವಾಲು ಹಾಕುವ ಇವಳಿಗೆ ಮನೆಯಲ್ಲಿ ಲಾಯರಮ್ಮ ಎಂದೇ ಹೆಸರು. "ಅಪ್ಪಾ, ನಿಂಗೆ ನಲವತ್ತೈದು ಆದಾಗ ನಂಗೆಷ್ಟು?"

"ಹದಿನಾರು ಕಣಮ್ಮಾ."

"ಅಷ್ಟು ದೊಡ್ಡೋಳಾದ್ಮೇಲೂ ನಿನ್ ಜೊತೆ ಕಣ್ಣಾಮುಚ್ಚಾಲೆ ಆಡ್ಬೇಕಾ?"

ದೊಡ್ಡ ಯೋಜನೆಗಳಿಗೆ ಸಣ್ಣಪುಟ್ಟ ವಿರೋಧ ಇದ್ದದ್ದೇ!

ಅಂದಿನಿಂದ ನನ್ನ ಸಂಬಳದ ಒಂದು ಪಾಲು, ಹೆಂಡತಿಯ ಹೊಲಿಗೆಯ ಒಂದು ಪಾಲು ಬ್ಯಾಂಕಿನ ಬೇರೆ ಖಾತೆಗೆ ಹೋಗತೊಡಗಿತು. ಅದಕ್ಕೆ 'ಸ್ವಾತಂತ್ರ್ಯ ನಿಧಿ' ಎಂದು ನಾಮಕರಣ ಮಾಡಿದವನು ನಾನು. ಹನಿಹನಿ ಕೂಡಿದರೆ ಹಳ್ಳ ಎನ್ನುತ್ತಾರೆ. ನಮ್ಮ ಹಳ್ಳದಲ್ಲಿ ಮಾತ್ರ ಒಂದು ತೂತಿತ್ತು, ಅದರ ಹೆಸರು ಡೈಪರ್! ಡುಮ್ಮ ಹಗಲೂ ರಾತ್ರಿ ನನ್ನ ಸ್ವಾತಂತ್ರ್ಯವನ್ನು ಒದ್ದೆ ಮಾಡುತ್ತಿದ್ದ.

ಆಗಲೇ ಕಣ್ಣಿಗೆ ಬಿತ್ತು ಆ ಬೋರ್ಡು: 'ಅಂಗಡಿ ಮುಚ್ಚುತ್ತಿದೆ. ಎಲ್ಲವೂ ಅರ್ಧ ಬೆಲೆ. ಮಾರಿದ ಮಾಲು ವಾಪಸಿಲ್ಲ.' ಒಳಗೆ ಸೂರು ಮುಟ್ಟುವಷ್ಟು ಡೈಪರ್! ನಾನು ಯಂತ್ರಗಳ ಬಿಡಿಭಾಗದ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಬೆಲೆ ಇಳಿದಾಗ ಎರಡು ವರ್ಷದ ಮಾಲು ಎತ್ತಿಹಾಕುವುದೇ ನಮ್ಮ ಕಸುಬಿನ ಮೊದಲ ಪಾಠ. ಹೆಂಡತಿಯನ್ನು ಕೇಳದೆ, ಖುಷಿಯಲ್ಲಿ ಕುಣಿಯಲಿ ಎಂದು, ನಿಧಿಯಿಂದಲೇ ದುಡ್ಡು ತೆಗೆದೆ.

ಸಂಜೆ ಮನೆ ಮುಂದೆ ಸಣ್ಣ ಲಾರಿ ನಿಂತಿತು. ಪೆಟ್ಟಿಗೆಗಳು ಮಂಚದ ಕೆಳಗೆ ಹೋದವು, ಬೀರುವಿನ ಮೇಲೆ ಹತ್ತಿದವು, ಊಟದ ಮೇಜನ್ನು ನುಂಗಿ ಹಾಕಿದವು. ಹೆಂಡತಿ ಒಂದು ಪೊಟ್ಟಣ ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ರೀ, ಎಲ್ಲಾ ಒಂದೇ ಸೈಜಾ?"

"ಒಂದೇ ಸೈಜು! ಬೆರಕೆ ಇಲ್ಲವೇ ಇಲ್ಲ. ಲೆಕ್ಕ ಇಡೋಕೆ ಎಷ್ಟು ಸುಲಭ ನೋಡು!"

ಅವಳು ಪೊಟ್ಟಣ ನೋಡಿದಳು. ಡುಮ್ಮನನ್ನು ನೋಡಿದಳು. ಕೊನೆಗೆ ನನ್ನನ್ನು ನೋಡಿದಳು.

"ಮಗು ಬೆಳೆಯತ್ತಲ್ರೀ."

ಗೋದಾಮಿನಲ್ಲಿ ಇಷ್ಟು ವರ್ಷ ಸವೆಸಿದ್ದೇನೆ, ಕಪಾಟಿನಲ್ಲಿ ಕೂತ ಬೋಲ್ಟು ದಪ್ಪಗಾದದ್ದನ್ನು ಒಮ್ಮೆಯೂ ಕಂಡಿಲ್ಲ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಕಥೆ ಕೇಳಿದ್ದೀರಿ. ಕೂಸನ್ನು ಕಣ್ಮುಂದೆ ಇಟ್ಟುಕೊಂಡೂ ಅಳತೆ ತಪ್ಪಿದ ಮಹಾನುಭಾವ ನಾನೊಬ್ಬನೇ ಇರಬೇಕು.

ಮರುದಿನ ಓಡಿದೆ. ಅಂಗಡಿಗೆ ಬೀಗ! ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಕಾಲೇ ದಿನಾ ಉದ್ದವಾಗುತ್ತಿದ್ದರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿಲ್ಲ. ಮಾಲು ಖರ್ಚಾಗುವವರೆಗೆ ಮಗ ಸ್ವಲ್ಪ ನಿಧಾನವಾಗಿ ಬೆಳೆದರೆ ಸಾಕಿತ್ತು. ಆದರೆ ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದ ಅತ್ತೆಯವರು ಅದಕ್ಕೆ ಅವಕಾಶ ಕೊಡಬೇಕಲ್ಲ! ಡುಮ್ಮನಿಗೆ ಆರು ತಿಂಗಳು ತುಂಬಿದ್ದೇ ತಡ, ಹಿಸುಕಿದ ಬಾಳೆಹಣ್ಣಿನ ಬಟ್ಟಲು ಹಿಡಿದು ಕೂತುಬಿಟ್ಟರು.

"ಅತ್ತೆ, ಸಾಕೇನೋ ಇವತ್ತಿಗೆ..." ಎಂದೆ ಮೆಲ್ಲಗೆ.

"ಯಾಕಪ್ಪಾ? ಮಗು ಬಾಯಿ ಬಿಡ್ತಾ ಇದೆಯಲ್ಲ!"

"ಅಲ್ಲ, ತೊಡೆ ಸ್ವಲ್ಪ ದಪ್ಪ ಆಗ್ತಿದೆ ಅಂತ..."

"ಅಯ್ಯೋ, ಹೆತ್ತ ಮಗುವಿನ ತೊಡೆ ಮೇಲೆ ಕಣ್ಣು ಹಾಕೋ ಅಪ್ಪನ್ನ ಇವತ್ತೇ ನೋಡಿದ್ದು!" ಎಂದು ಅತ್ತೆ ಬೇಕೆಂದೇ ಇನ್ನೆರಡು ಚಮಚ ಹೆಚ್ಚಿಗೆ ತಿನ್ನಿಸಿದರು. ಅದೇ ವಾರ ಡೈಪರಿನ ಅಂಟು ಪಟ್ಟನೆ ಕಿತ್ತುಬಂತು. ಡುಮ್ಮ ಕೇಕೆ ಹಾಕಿ ನಕ್ಕ. ನಾನು ತಲೆಯ ಮೇಲೆ ಕೈ ಹೊತ್ತು ಪೆಟ್ಟಿಗೆಯ ಮೇಲೆ ಕೂತೆ. ಕೂರಲು ಬೇರೆ ಜಾಗವೂ ಇರಲಿಲ್ಲ.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು! ಲಾಯರಮ್ಮನ ನೀಲಿ ಫ್ರಾಕನ್ನು ತೊಡೆಯ ಮೇಲೆ ಹರಡಿ ಅಂಚಿನ ಹೊಲಿಗೆ ಬಿಚ್ಚುತ್ತಾ ಕೂತಿದ್ದಳು. ಒಳಗೆ ಮಡಿಸಿಟ್ಟಿದ್ದ ಬಟ್ಟೆ ಹೊರಬಂದು ಫ್ರಾಕು ಮತ್ತೆ ಮೊಣಕಾಲು ಮುಟ್ಟಿತು. ಮೂರು ವರ್ಷದಿಂದ ಮಗಳ ಜೊತೆಗೇ ಬೆಳೆಯುತ್ತಿರುವ ಫ್ರಾಕು ಅದು. ಇದೂ ಉಳಿತಾಯವೇ ಎಂದು ಈ ಸ್ಟೋರ್‌ಕೀಪರನಿಗೆ ಅಂದಿನವರೆಗೆ ಹೊಳೆದಿರಲಿಲ್ಲ.

"ನಮ್ಮ ಮಗು ಬೆಳೀತು. ಊರಲ್ಲಿ ಬೇರೆ ಮಕ್ಕಳು ಹುಟ್ತಾನೇ ಇರ್ತಾವಲ್ರೀ," ಎಂದಳು ದಾರ ಕಚ್ಚಿ.

ಮಗುವಿನ ಅಂಗಿ ಹೊಲಿಸಲು ಬರುವ ಎಳೆ ತಾಯಂದಿರಿಗೆಲ್ಲ ಅವಳು ಸುದ್ದಿ ಮುಟ್ಟಿಸಿದಳು. ಯಾರದೋ ಮನೆಯಲ್ಲಿ ಉಡುಗೊರೆ ಬಂದ ದೊಡ್ಡ ಸೈಜು ಧೂಳು ತಿನ್ನುತ್ತಿತ್ತು, ಅದು ನಮ್ಮಲ್ಲಿಗೆ ಬಂತು, ನಮ್ಮದು ಅಲ್ಲಿಗೆ ಹೋಯಿತು. ಕೆಲವರು ನಾನು ಕೊಟ್ಟ ಬೆಲೆಗೇ ಕೊಂಡರು. ಡೈಪರಿಗೆಂದು ಬಂದವರು ಅಂಗಿ ಹೊಲಿಯಲು ಕೊಟ್ಟು ಹೋದರು! ಮನೆ ಮನೆಗೆ ಮುಟ್ಟಿಸುವ ಕೂಲಿಯಾಳು ಮಾತ್ರ ಬಿಟ್ಟಿ ಸಿಕ್ಕಿದ್ದ. ಅವನು ಯಾರೆಂದು ನಿಮಗೆ ಗೊತ್ತೇ ಇದೆ.

ಒಂದು ಬೆಳಿಗ್ಗೆ ಸ್ಕೂಟರಿನ ತುಂಬ ಪೆಟ್ಟಿಗೆ ಹೇರಿಕೊಂಡು ಹೊರಟಿದ್ದ ನನ್ನನ್ನು ಸಿಗ್ನಲ್ಲಿನಲ್ಲಿ ಬಾಸು ಕಾರಿನೊಳಗಿಂದ ದಿಟ್ಟಿಸಿದರು. ಗೋದಾಮಿಗೆ ಬಂದೊಡನೆ ಕರೆ ಬಂತು.

"ಏನ್ರೀ, ಕೆಲಸದಲ್ಲಿದ್ದುಕೊಂಡೇ ಬೇರೆ ವ್ಯಾಪಾರಾನಾ?"

ಹತ್ತು ವರ್ಷಕ್ಕೆ ಮುಂಚೆಯೇ, ನಿಧಿಯೂ ಇಲ್ಲದೆ, ಸ್ವಾತಂತ್ರ್ಯ ಬಂದುಬಿಟ್ಟಿತೇ! "ವ್ಯಾಪಾರ ಅಲ್ಲ ಸಾರ್, ನಾನು ಮಾಡಿದ ಎಡವಟ್ಟು," ಎಂದು ಎಲ್ಲವನ್ನೂ ಒದರಿದೆ.

ಬಾಸು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನನ್ನ ಮಗಳಿಗೆ ಅವಳಿ ಮಕ್ಕಳಾಗಿವೆ ಕಣ್ರೀ. ಸಣ್ಣ ಸೈಜು ಎಷ್ಟು ಉಳಿದಿದೆ?"

ಉಳಿದದ್ದಷ್ಟನ್ನೂ ಅವರೇ ಕೊಂಡರು. ಅವರ ಕಾರಿಗೆ ಪೆಟ್ಟಿಗೆ ತುಂಬಿ ನಾನು ಹೊಡೆದ ಸಲಾಮಿನಂಥ ಸಲಾಂ ಆ ಗೋದಾಮು ಹಿಂದೆಂದೂ ಕಂಡಿಲ್ಲ!

ನಿಧಿಯಿಂದ ತೆಗೆದ ದುಡ್ಡನ್ನು ಹೆಂಡತಿ ಪೂರ್ತಿ ವಾಪಸ್ ಕಟ್ಟಿದಳು, ಹೊಸ ಹೊಲಿಗೆಯ ಸಂಪಾದನೆಯನ್ನೂ ಅದಕ್ಕೆ ಸೇರಿಸಿದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ನಲವತ್ತೈದಕ್ಕೆ ನಾನು ಮನೆಯಲ್ಲಿ ಕೂರುವುದಾದರೆ ಅದು ಈ ಪುಣ್ಯಾತ್ಗಿತ್ತಿಯ ದೆಸೆಯಿಂದ. ಅವಳು ಹಾಕಿದ ಷರತ್ತು ಒಂದೇ. ನಾನು ಏನು ಕೊಳ್ಳಹೋದರೂ ಜೊತೆಗೆ ಲಾಯರಮ್ಮ ಇರಬೇಕು, ಅವಳು ಕೇಳುವ ಒಂದು ಪ್ರಶ್ನೆಗೆ ಉತ್ತರಿಸಬೇಕು: "ಇದನ್ನ ಹಾಕ್ಕೊಳ್ಳೋರು ಬೆಳೀತಾರಾ?"

ಮೊನ್ನೆ ಬಟ್ಟೆ ಅಂಗಡಿಯಲ್ಲಿ ಆಫೀಸು ಪ್ಯಾಂಟು ಅರ್ಧ ಬೆಲೆ. ನಲವತ್ತೈದರವರೆಗೂ ಬಾಳುವಂತೆ ಅರ್ಧ ಡಜನ್ ಎತ್ತಿಕೊಂಡೆ, ಎಲ್ಲಾ ಒಂದೇ ಸೈಜು!

"ಇದನ್ನ ಹಾಕ್ಕೊಳ್ಳೋರು ಬೆಳೀತಾರಾ?"

"ಇಲ್ಲಮ್ಮಾ!" ಎಂದು ಎದೆಯುಬ್ಬಿಸಿದೆ. "ಅಪ್ಪ ಯಾವತ್ತೋ ಬೆಳೆದು ಮುಗೀತು!"

ಒಂದನ್ನು ಹಾಕಿಕೊಂಡು, ಉಸಿರು ಬಿಗಿಹಿಡಿದು, ಗುಂಡಿ ಸೇರಿಸಿ ಪರದೆ ಸರಿಸಿದೆ. ಲಾಯರಮ್ಮ ಥೇಟ್ ಅಮ್ಮನಂತೆ ಪ್ಯಾಂಟಿನ ಸೊಂಟದ ಪಟ್ಟಿಯನ್ನು ಮಗುಚಿ, ಒಳಗೆ ಮಡಿಕೆ ಬಿಟ್ಟಿದ್ದಾರೆಯೇ ಎಂದು ಪರೀಕ್ಷಿಸಿದಳು. ಅಷ್ಟರಲ್ಲಿ ನಾನು ಉಸಿರು ಬಿಟ್ಟೆ. ಗುಂಡಿ ಟಪ್ಪನೆ ಹಾರಿ ಅವಳ ಕಾಲ ಬಳಿ ಬಿತ್ತು. ಅವಳು ಅದನ್ನು ಎತ್ತಿಕೊಂಡು, ಅಂಗಡಿಯ ಆ ತುದಿಯಲ್ಲಿ ಡುಮ್ಮನನ್ನು ಎತ್ತಿಕೊಂಡು ನಿಂತಿದ್ದ ತಾಯಿಗೆ ಕೇಳುವಂತೆ ಕೂಗಿದಳು:

"ಅಮ್ಮಾ, ಬೇಡಾ! ಅಪ್ಪ ಇನ್ನೂ ಬೆಳೀತಾ ಇದಾನೆ!"