ಸರ್ವೆಯರ್ ಕೈಗೆ ಸಿಕ್ಕ ದೇಶ

ಶಿಶುವಿಹಾರದವರು ಕಳಿಸಿದ್ದ ಚೀಟಿ ನಾಲ್ಕು ದಿನದಿಂದ ಮಗಳ ಬ್ಯಾಗಿನಲ್ಲಿ ತಿಂಡಿ ಡಬ್ಬಿಯ ತಳಕ್ಕೆ ಅಂಟಿಕೊಂಡು ಕೂತಿತ್ತು. ಅದು ಸರ್ವೆಯರ್ ಕೈಗೆ ಸಿಕ್ಕಿದ್ದು ಐದನೇ ದಿನ ಬೆಳಿಗ್ಗೆ. ರಾಷ್ಟ್ರೀಯ ದಿನದ ಅಂಗವಾಗಿ ಪ್ರತಿಯೊಂದು ಮಗುವೂ ತನ್ನ ಕೈಯಾರೆ ದೇಶದ ನಕ್ಷೆ ಕತ್ತರಿಸಿ, ಮೂರು ಬಣ್ಣದ ಕಾಳು ಅಂಟಿಸಿ ತರಬೇಕು, ಒಳ್ಳೆಯದಕ್ಕೆ ಬಹುಮಾನವಿದೆ ಎಂದು ಅದರಲ್ಲಿ ಬರೆದಿತ್ತು. ಕೊಡಬೇಕಾದ ಗಳಿಗೆ ಅದೇ ದಿನ ಮಧ್ಯಾಹ್ನ ಮೂರು ಗಂಟೆ, ಬೆಳಿಗ್ಗೆ ತರಗತಿಗೆ ರಜೆ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಚೀಟಿ ಓದಿ ನಿರಾಳವಾಗಿ ಉಸಿರುಬಿಟ್ಟಳು.

"ನಕ್ಷೆ ತಾನೇ? ನಿಮ್ಮ ಕಸುಬೇ ಅಲ್ವೇನ್ರೀ," ಎಂದು ಹೊರಟೇಹೋದಳು.

ಆ ಒಂದು ಮಾತಿಗೆ ಸರ್ವೆಯರ್ ಉಬ್ಬಿಹೋದ. ಆಫೀಸಿಗೆ ಫೋನ್ ಮಾಡಿ ರಜೆ ಹಾಕಿದ. ಕಾರಣ ಕೇಳಿದವರಿಗೆ ದೇಶದ ಕೆಲಸ ಎಂದ. ನಿಜ ಹೇಳಬೇಕೆಂದರೆ ಸರ್ವೆ ಆಫೀಸಿನಲ್ಲಿ ಈಗ ಅಳೆಯುವುದು ಯಂತ್ರ, ಬರೆಯುವುದು ಕಂಪ್ಯೂಟರು. ಅವನು ಗುಂಡಿ ಒತ್ತುತ್ತಾನೆ, ಸಹಿ ಹಾಕುತ್ತಾನೆ. ಹತ್ತು ವರ್ಷದಿಂದ ಅವನು ಕೈಯಾರೆ ಎಳೆದ ಗೆರೆಯೆಂದರೆ ಆ ಸಹಿಯ ಕೆಳಗಿನದು ಮಾತ್ರ. ಅದೂ ಈಚೆಗೆ ಸೊಟ್ಟಗೆ ಬರುತ್ತಿತ್ತು. ಆದರೆ ಇದನ್ನೆಲ್ಲ ಹೆಂಡತಿಗೆ ಹೇಳುವುದುಂಟೇ.

"ಅಪ್ಪ, ನಾನು ಕತ್ತರಿಸ್ತೀನಿ," ಎಂದಳು ಮಗಳು. ಅವಳಿಗೆ ಐದು ತುಂಬಿ ಎರಡು ತಿಂಗಳಾಗಿತ್ತು.

"ಇದು ದೇಶ ಕಣೇ, ಆಟ ಅಲ್ಲ. ನೀನು ಗೋಂದಿನ ಬಾಟಲಿ ಹಿಡ್ಕೊಂಡು ಕೂತಿರು."

ಹಳೇ ಡೈರಿಯ ಹಿಂದಿದ್ದ ಬೆರಳುಗಾತ್ರದ ನಕ್ಷೆಯನ್ನು ನೋಡಿಕೊಂಡು ಅವನು ದೊಡ್ಡ ರಟ್ಟಿನ ಮೇಲೆ ಬರೆಯತೊಡಗಿದ. ಮೊದಲ ಸಲ ಬಂದದ್ದು ಹಗ್ಗದ ಮೇಲೆ ಒಣಹಾಕಿದ ಬನಿಯನ್ನಿನಂತಿತ್ತು. ಅಳಿಸಿ ಬರೆದ. ಎರಡನೇ ಸಲ ಮಗ್ಗುಲಾಗಿ ಮಲಗಿದ ಎಮ್ಮೆ ಬಂತು. ಮಗಳು ತುಂಬ ಹೊತ್ತು ದಿಟ್ಟಿಸಿ ನೋಡಿ, ಬಾಲ ಬೇಡ ಅಪ್ಪ ಎಂದಳು. ಅದು ಬಾಲವಲ್ಲ, ಪರ್ಯಾಯ ದ್ವೀಪ ಎಂದು ವಿವರಿಸಬೇಕಾಯಿತು. ವಿವರಿಸಿದ ಮೇಲೆ ಅವನಿಗೂ ಅದು ಬಾಲದ ಹಾಗೇ ಕಂಡಿತು.

ಅಷ್ಟರಲ್ಲಿ ಪಕ್ಕದ ಮನೆಯ ಮೇಷ್ಟ್ರು ದಿನದಂತೆ ಪೇಪರ್ ಓದಲು ಬಂದರು. ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಪೇಪರ್ ಮರೆತು ರಟ್ಟಿನ ಮುಂದೆ ಕುಕ್ಕರಿಸಿ, ಪಶ್ಚಿಮದ ಕೊಲ್ಲಿ ಎಲ್ಲಿ ಎಂದು ಕೇಳಿದರು. ಸರ್ವೆಯರ್ ತಡವರಿಸಿದ್ದನ್ನು ಕಂಡು ಕತ್ತರಿಯನ್ನು ತಾವೇ ಕಿತ್ತುಕೊಂಡರು. ಮೂವತ್ತು ವರ್ಷ ಪಾಠ ಮಾಡಿದ ಕೈ ನಡುಗುತ್ತದೆ ಎಂಬುದು ಅಲ್ಲಿಯವರೆಗೆ ಅವರಿಗೂ ತಿಳಿದಿರಲಿಲ್ಲ. ಕೊಲ್ಲಿ ಒಳಗೆ ನುಗ್ಗಿತು, ಇನ್ನೂ ನುಗ್ಗಿತು, ಕೊನೆಗೆ ನಟ್ಟನಡುವೆ ಇದ್ದ ರಾಜಧಾನಿಯೇ ಬಂದರು ಪಟ್ಟಣವಾಯಿತು.

ಗಲಾಟೆ ಕೇಳಿ ಮಹಡಿಯ ಟೈಲರಮ್ಮ ಟೇಪು ಕೊರಳಲ್ಲಿ ನೇತುಹಾಕಿಕೊಂಡೇ ಇಳಿದು ಬಂದಳು. ರಟ್ಟನ್ನು ಎಸೆದು ಬಟ್ಟೆಯ ಮೇಲೆ ಮಾಡಿ, ಹೊಲಿಗೆಗೆ ಸುತ್ತಲೂ ಅರ್ಧ ಇಂಚು ಬಿಡಿ ಎಂದಳು. ತಾನೇ ದಪ್ಪ ಬಿಳಿ ಬಟ್ಟೆ ತಂದುಬಿಟ್ಟಳು ಕೂಡ. ಅವಳ ಅರ್ಧ ಇಂಚಿನಲ್ಲಿ ನೆರೆಯ ಮೂರು ದೇಶಗಳ ಊರುಗಳು ಒಳಗೆ ಬಂದವು.

"ಇದರಿಂದ ಯುದ್ಧ ಆಗುತ್ತಮ್ಮ," ಎಂದರು ಮೇಷ್ಟ್ರು ಗಂಭೀರವಾಗಿ.

"ಒಗೆದ ಮೇಲೆ ಕುಗ್ಗುತ್ತೆ ಬಿಡಿ ಮೇಷ್ಟ್ರೇ," ಎಂದಳು ಆಕೆ.

ಇಬ್ಬರ ರಾಜಿಯಲ್ಲಿ ಬಟ್ಟೆಯನ್ನು ರಟ್ಟಿನ ಮೇಲೆ ಅಂಟಿಸುವುದೆಂದಾಯಿತು. ಎರಡರ ಅಂಚೂ ಒಂದಕ್ಕೊಂದು ಹೊಂದಲಿಲ್ಲ. ಸರ್ವೆಯರ್ ಅಲ್ಲಿ ಇಷ್ಟು ಕತ್ತರಿಸಿದ, ಇಲ್ಲಿ ಇಷ್ಟು ಕತ್ತರಿಸಿದ. ಮಂಗ ರೊಟ್ಟಿ ಹಂಚಿದ ಹಾಗೆ ದೇಶ ನಾಲ್ಕೂ ಕಡೆಯಿಂದ ಕರಗುತ್ತ ಬಂತು. ಮಗಳು ಮತ್ತೊಮ್ಮೆ ಕತ್ತರಿ ಕೇಳಿದಳು. ಮೂವರು ದೊಡ್ಡವರೂ ಒಟ್ಟಿಗೆ ಬೇಡ ಎಂದರು. ಅಂದು ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಹನ್ನೆರಡೂವರೆಗೆ ಮೂರು ಬಣ್ಣದ ಕಾಳು ಅಂಟಿಸಿ ಮುಗಿಸಿ, ಒಣಗಲೆಂದು ನಕ್ಷೆಯನ್ನು ತಾರಸಿಯ ಮೇಲಿಟ್ಟು ಊಟಕ್ಕೆ ಕೂತರು. ಎದ್ದು ಹೋಗಿ ನೋಡಿದರೆ ಪಾರಿವಾಳಗಳು ದಂಡೆತ್ತಿ ಬಂದಿದ್ದವು. ಉತ್ತರದ ಪ್ರಾಂತ್ಯಗಳಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ದಕ್ಷಿಣದಲ್ಲಿ ಎರಡು ಹಕ್ಕಿಗಳ ಕಾಲು ಗೋಂದಿಗೆ ಸಿಕ್ಕಿ, ಅವು ದೇಶವನ್ನೇ ಎತ್ತಿಕೊಂಡು ಹಾರುವ ಯತ್ನದಲ್ಲಿದ್ದವು. ಬಿಡಿಸುವಷ್ಟರಲ್ಲಿ ಬಟ್ಟೆ ಮುದುರಿತು. ಮುದುರಿದ್ದು ಸರಿಯಾಗಲೆಂದು ಟೈಲರಮ್ಮ ಇಸ್ತ್ರಿ ತಂದು ಒತ್ತಿದಳು. ಇಸ್ತ್ರಿ ಎತ್ತಿದಾಗ ಕರಾವಳಿಯ ಮುಕ್ಕಾಲು ಭಾಗ ಅದರ ಜೊತೆ ಎದ್ದು ಬಂತು.

ಗಂಟೆ ಎರಡೂವರೆ ಆಗಿತ್ತು. ಉಳಿದ ಕಾಳನ್ನೆಲ್ಲ ಬಣ್ಣ ನೋಡದೆ ಎರಚಿ, ಅಂಗೈಯಿಂದ ಒತ್ತಿ, ಮೇಷ್ಟ್ರು ಒಂದು ತುದಿ, ಟೈಲರಮ್ಮ ಒಂದು ತುದಿ ಹಿಡಿದು ಎಲ್ಲರೂ ಶಾಲೆಗೆ ಹೊರಟರು. ಮಗಳು ಖಾಲಿ ಗೋಂದಿನ ಬಾಟಲಿ ಹಿಡಿದು ಹಿಂದೆ ಬಂದಳು.

ಸಭಾಂಗಣದಲ್ಲಿ ನಲವತ್ತು ನಕ್ಷೆಗಳಿದ್ದವು. ಒಂದರೊಳಗೆ ದೀಪ ಹತ್ತುತ್ತಿತ್ತು, ಒಂದರಲ್ಲಿ ನದಿ ಹರಿಯುತ್ತಿತ್ತು. ಗೆರೆಗಳೆಲ್ಲ ಕೂದಲೆಳೆಯಷ್ಟು ಸೂಕ್ಷ್ಮ. ಸರ್ವೆಯರ್ ತನ್ನದನ್ನು ಕಂಬದ ಮರೆಗೆ ಒರಗಿಸಿ, ತಾನೂ ಅದೇ ಮರೆಗೆ ನಿಂತ. ಬಂದು ಹೋಗುವವರು ತನ್ನನ್ನು ಈ ನಕ್ಷೆಯ ಕಾವಲುಗಾರ ಎಂದುಕೊಂಡರೆ ಸಾಕು ಎಂಬುದಷ್ಟೇ ಅವನ ಆಸೆ.

ಮುಖ್ಯೋಪಾಧ್ಯಾಯಿನಿ ಎಲ್ಲವನ್ನೂ ನೋಡುತ್ತ ಬಂದರು. ಕಂಬದ ಹತ್ತಿರ ನಿಂತವರು ಕದಲಲಿಲ್ಲ. ಆಮೇಲೆ ವೇದಿಕೆಗೆ ಹೋಗಿ ಬೇಸರದಿಂದ ಮಾತಾಡಿದರು. ಮಕ್ಕಳೇ ಮಾಡಬೇಕೆಂದರೂ ಮೂವತ್ತೊಂಬತ್ತು ಮನೆಗಳಲ್ಲಿ ಅಪ್ಪ ಅಮ್ಮಂದಿರೇ ಮಾಡಿದ್ದಾರೆ, ದೊಡ್ಡವರ ಕೈ ಸೋಕದೆ ಮಗು ತಾನೇ ಮಾಡಿದ್ದು ಒಂದೇ ಒಂದಿದೆ, ಅದು ನೋಡಿದರೇ ತಿಳಿಯುತ್ತದೆ ಎಂದರು. ಮೊದಲ ಬಹುಮಾನಕ್ಕೆ ಸರ್ವೆಯರ್ ಮಗಳನ್ನು ಕರೆದರು. ಚಪ್ಪಾಳೆ ಜೋರಾಗಿಯೇ ಬಿತ್ತು.

"ಇದನ್ನೆಲ್ಲ ನೀನೊಬ್ಬಳೇ ಮಾಡಿದ್ಯಾ ಪುಟ್ಟಿ?"

"ಇಲ್ಲ ಮಿಸ್. ಅಪ್ಪ ಮಾಡಿದ್ದು. ನಂಗೆ ಕತ್ತರಿ ಮುಟ್ಟೋಕೂ ಬಿಡಲಿಲ್ಲ."

ಸಭೆ ನಕ್ಕಿತು. ಮುಖ್ಯೋಪಾಧ್ಯಾಯಿನಿ ನಗಲಿಲ್ಲ. ಬಹುಮಾನ ಬಂದಾಗ ಸುಳ್ಳು ಹೇಳಬಾರದು ಎಂದು ಮೆಲ್ಲಗೆ ಗದರಿದರು. ಮಗಳ ಕೆಳತುಟಿ ನಡುಗಿತು. ಅವಳು ಅಷ್ಟು ಜನರ ನಡುವೆ ಅಪ್ಪ ಎಲ್ಲಿ ಎಂದು ಹುಡುಕಿದಳು.

ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಸರ್ವೆಯರ್ ಆ ತುಟಿ ನೋಡಲಾಗದೆ ಕಂಬದ ಮರೆಯಿಂದ ಈಚೆ ಬಂದ.

"ಅವಳು ಹೇಳ್ತಿರೋದು ನಿಜ ಮೇಡಂ. ಅದನ್ನು ಮಾಡಿದ್ದು ನಾನೇ."

ತಾವು ಏನು ಕೆಲಸದಲ್ಲಿದ್ದೀರಿ ಎಂದು ಅವರು ಕೇಳಿದರು. ಸರ್ವೆ ಆಫೀಸಿನಲ್ಲಿ, ನಕ್ಷೆ ವಿಭಾಗದಲ್ಲಿ ಎಂದು ಅವನು ನೆಲ ನೋಡುತ್ತ ಹೇಳಿದ. ಈ ಸಲ ಸಭೆ ಇನ್ನೂ ಹೆಚ್ಚು ಹೊತ್ತು ನಕ್ಕಿತು. ಸಾಕ್ಷಿಗೆಂದು ಅವನು ಹಿಂದೆ ತಿರುಗಿದ. ಮೇಷ್ಟ್ರು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದರು. ಟೈಲರಮ್ಮ ತನ್ನ ತೋಳಿನ ಹೊಲಿಗೆ ಪರೀಕ್ಷಿಸುತ್ತಿದ್ದಳು.

"ಮಗಳ ಮೇಲಿನ ಪ್ರೀತಿ ಅರ್ಥ ಆಗುತ್ತೆ. ಆದ್ರೆ ನಕ್ಷೆ ಮಾಡೋರು ಇಂಥದ್ದು ಮಾಡ್ತಾರೆ ಅಂದ್ರೆ ಯಾರು ನಂಬ್ತಾರೆ? ಕೂತ್ಕೊಳ್ಳಿ," ಎಂದರು ಅವರು.

ಸಮಾರಂಭ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿ ಅಪ್ಪ ಮಗಳಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿಕೊಂಡರು. ಬಹುಮಾನ ಮಗು ಸ್ವಂತ ಕೈಯಿಂದ ಮಾಡಿದ್ದಕ್ಕೆ ಕೊಟ್ಟದ್ದು, ಕೆಲಸದ ಬಗ್ಗೆ ಹೇಳುವುದಾದರೆ ಚಿಂತೆಯಾಗುತ್ತದೆ ಎಂದು ದನಿ ತಗ್ಗಿಸಿದರು. ಬೆರಳಿಗೆ ಹಿಡಿತವಿಲ್ಲ, ಕತ್ತರಿ ಹೋದ ಕಡೆ ಕೈ ಹೋಗಿದೆ, ಈಗಲೇ ತಿದ್ದದಿದ್ದರೆ ಮುಂದೆ ಕಷ್ಟ. ಇಂಥ ಮಕ್ಕಳಿಗೆಂದೇ ಶನಿವಾರ ಬೆಳಿಗ್ಗೆ ತರಗತಿಯಿದೆ. ಹೀಗೆಂದು ಒಂದು ಅರ್ಜಿ ಮುಂದಿಟ್ಟರು. ತನ್ನ ಬೆರಳುಗಳ ಬಗ್ಗೆ ಇಷ್ಟು ಕಾಳಜಿಯಿಂದ ಯಾರೂ ಮಾತಾಡಿದ್ದೇ ಇಲ್ಲವಲ್ಲ ಎಂದುಕೊಂಡು ಸರ್ವೆಯರ್ ಪೆನ್ನು ತೆಗೆದ.

"ತರಬೇತಿ ಬೇಕಾದವರ ಹೆಸರು" ಎಂಬಲ್ಲಿ ಅವನು ಮಗಳ ಹೆಸರು ತುಂಬಿದ. ಮಗಳು ಅದನ್ನು ಓದಿದಳು, ಪೆನ್ನು ಕಿತ್ತುಕೊಂಡಳು. ಹೆಸರಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ನಾಲಿಗೆ ಕಚ್ಚಿಕೊಂಡು ಬರೆದಳು: ಅಪ್ಪ.

ಮುತ್ತು ಪೋಣಿಸಿದಂಥ ಅಕ್ಷರ. ಗೆರೆಯಂತೂ ಅಳತೆಪಟ್ಟಿ ಇಟ್ಟು ಎಳೆದ ಹಾಗಿತ್ತು.

ಮುಖ್ಯೋಪಾಧ್ಯಾಯಿನಿ ಆ ಅಕ್ಷರಗಳನ್ನು ನೋಡಿದರು, ಸಭಾಂಗಣದಿಂದ ತಂದು ಗೋಡೆಗೆ ಒರಗಿಸಿದ್ದ ನಕ್ಷೆಯನ್ನು ನೋಡಿದರು, ಆಮೇಲೆ ಸರ್ವೆಯರ್ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಅರ್ಜಿಗೆ ಮೊಹರು ಒತ್ತಿದರು.

"ಶನಿವಾರ ಹತ್ತು ಗಂಟೆಗೆ ನೀವೊಬ್ಬರೇ ಬಂದರೆ ಸಾಕು. ಕತ್ತರಿ ತರಬೇಡಿ, ಮೊನೆ ಇಲ್ಲದ್ದು ಇಲ್ಲೇ ಇದೆ."