ಈಗ ನಿಮ್ಮ ಮಾಲೀಕರು ಯಾರು?

ವಿಶಾಖಪಟ್ಟಣದ ಹೊರಗೆ, ಸಮುದ್ರದ ದಡದಲ್ಲಿ, ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರದಲ್ಲಿ ನಾನು ಇಂಜಿನಿಯರ್. ದಾವಣಗೆರೆಯಿಂದ ಬಂದವನು ಇಲ್ಲೇ ತಲೆ ನರೆಸಿಕೊಂಡೆ. ಈ ಸ್ಥಾವರವನ್ನು ಒಬ್ಬರು ಸಾಲ ಮಾಡಿ ಕಟ್ಟಿದರು, ಬ್ಯಾಂಕಿನವರು ವಶಕ್ಕೆ ತೆಗೆದುಕೊಂಡರು, ಇನ್ನೊಬ್ಬರು ಕೊಂಡರು, ಅವರೂ ಮಾರಿದರು. ಪ್ರತಿ ಸಲ ಗಾಬರಿಯಾಗುವಷ್ಟು ಶಕ್ತಿ ನಮ್ಮಲ್ಲಿ ಉಳಿದಿಲ್ಲ. ಅದಕ್ಕೇ ನಗುತ್ತೇವೆ.

ಪೇಂಟು

ಮಾಲೀಕರು ಬದಲಾದರೆ ಮೊದಲು ಬದಲಾಗುವುದು ಗೇಟಿನ ಮೇಲಿನ ಹೆಸರು. ಅದನ್ನು ಬರೆಯಲು ಬರುವವನು ಮಾತ್ರ ಪ್ರತಿ ಸಲವೂ ಅದೇ ಪೇಂಟರ್. ಕಳೆದ ಸಲ ಏಣಿ ಹತ್ತುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದ.

"ಸಾರ್, ಈ ಕಂಪನಿಯವರು ಎಷ್ಟು ದಿನ ಇರ್ತಾರೆ?"

"ಯಾಕಪ್ಪಾ?"

"ಬಹಳ ವರ್ಷ ಬಾಳೋ ಪೇಂಟ್ ಒಂದಿದೆ, ಮಾಮೂಲಿದು ಒಂದಿದೆ."

"ಮಾಮೂಲಿದು ಸಾಕು" ಅಂದೆ.

"ಹಾಗಾದರೆ ಏಣಿ ಇಲ್ಲೇ ಬಿಟ್ಟು ಹೋಗ್ತೀನಿ ಸಾರ್" ಅಂದ.

ಅಳಿಯ

ನಮ್ಮ ವಿಭಾಗದಲ್ಲಿ ಹಾಸನದ ಹುಡುಗನೊಬ್ಬನಿದ್ದಾನೆ. ಅವನು ಹೆಣ್ಣು ನೋಡಲು ಹೋದಾಗ ಒಂದು ಕಂಪನಿ, ನಿಶ್ಚಿತಾರ್ಥಕ್ಕೆ ಬ್ಯಾಂಕಿನವರ ಆಡಳಿತ, ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಹೊತ್ತಿಗೆ ಇನ್ನೊಂದು ಕಂಪನಿ. ಹುಡುಗಿಯ ತಂದೆ ನಿವೃತ್ತ ಮೇಷ್ಟ್ರು. ಗಾಬರಿಯಿಂದ ನನಗೆ ಫೋನ್ ಮಾಡಿದರು.

"ನೀವು ಹಿರಿಯರು, ನಿಜ ಹೇಳಿ. ಈ ಹುಡುಗ ಯಾಕೆ ಪದೇ ಪದೇ ಕೆಲಸ ಬಿಡ್ತಾನೆ?"

"ಅಯ್ಯೋ ಸಾರ್, ಸೇರಿದ ದಿನದಿಂದ ಅವನು ಅದೇ ಕುರ್ಚಿಯಲ್ಲಿದ್ದಾನೆ."

"ಅದೇ ಕುರ್ಚಿನಾ? ಹಾಗಾದರೆ ಪ್ರಮೋಷನ್ನೂ ಇಲ್ಲ ಅನ್ನಿ!"

ಹೇಗೋ ಮದುವೆ ಆಯಿತು. ಪತ್ರಿಕೆಯಲ್ಲಿ ಹುಡುಗನ ಹೆಸರಿನ ಕೆಳಗೆ 'ಇಂಜಿನಿಯರ್, ವಿಶಾಖಪಟ್ಟಣ' ಅಂತಷ್ಟೇ ಇತ್ತು. ಊರನ್ನಾದರೂ ಯಾರೂ ಮಾರಲಾರರು ಅಂತ ಮೇಷ್ಟ್ರ ಧೈರ್ಯ.

ವಿಜಯವಾಡದ ಸೆಕೆ

ನಮ್ಮ ಕರೆಂಟನ್ನು ಇನ್ನಷ್ಟು ಕೊಳ್ಳಿ ಎಂದು ಬೇಡಲು ನಾನೂ ನಮ್ಮ ಮ್ಯಾನೇಜರೂ ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೋದೆವು. ಮೇ ತಿಂಗಳು. ಕರೆಂಟು ಕೊಳ್ಳುವ ಸರ್ಕಾರಿ ಕಚೇರಿಯ ಅಧಿಕಾರಿ ಎರಡು ಗಂಟೆ ಕಾಯಿಸಿ ಒಳಗೆ ಕರೆದರು.

"ಈಗ ನಿಮ್ಮ ಮಾಲೀಕರು ಯಾರು?"

ಮ್ಯಾನೇಜರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

"ಹೋಗಲಿ ಬಿಡಿ. ನಮ್ಮ ಹತ್ತಿರ ಬೇಕಾದಷ್ಟು ಕರೆಂಟಿದೆ ರೀ, ನಿಮ್ಮದು ಅಗತ್ಯವೇ..."

ಅಷ್ಟರಲ್ಲಿ ಕರೆಂಟು ಹೋಯಿತು. ಎ.ಸಿ. ನಿಂತಿತು. ಅಧಿಕಾರಿ ನಮ್ಮ ಅರ್ಜಿಯನ್ನು ಎತ್ತಿಕೊಂಡು ಗಾಳಿ ಬೀಸಿಕೊಳ್ಳತೊಡಗಿದರು.

ಹೊರಗೆ ಬಂದ ಮೇಲೆ ಮ್ಯಾನೇಜರು ಬೆವರು ಒರೆಸಿಕೊಂಡು, "ಇಷ್ಟು ವರ್ಷದಲ್ಲಿ ನಮ್ಮ ಅರ್ಜಿ ಅವರ ಕೈಗೆ ಹೋಗಿದ್ದು ಇದೇ ಮೊದಲು" ಅಂದರು.

ಲಕ್ಷ್ಮಿ

ಈಗಿನ ಮಾಲೀಕರು ಬಂದ ದಿನ ಪೂಜೆ ಇತ್ತು. ಅವರ ವಯಸ್ಸಾದ ತಾಯಿಯೂ ಬಂದಿದ್ದರು. ಕಲ್ಲಿದ್ದಲನ್ನು ಬಾಯ್ಲರಿಗೆ ಸಾಗಿಸುವ ಬೆಲ್ಟಿನ ಮೇಲೆ ಆ ತಾಯಿ ಭಕ್ತಿಯಿಂದ ಹಿತ್ತಾಳೆ ದೀಪ ಇಟ್ಟರು. ಯಾರಾದರೂ ತಡೆಯುವ ಮೊದಲೇ ಮಾಲೀಕರು ಗುಂಡಿ ಒತ್ತಿದರು. ಲೋಹ ಕಂಡರೆ ಬೆಲ್ಟನ್ನು ತಾನೇ ನಿಲ್ಲಿಸುವ ಯಂತ್ರ ನಮ್ಮಲ್ಲಿದೆ. ದೀಪ ನಾಲ್ಕು ಮಾರು ಹೋಯಿತು, ಬೆಲ್ಟು ಗಕ್ಕನೆ ನಿಂತಿತು.

ಮಾಲೀಕರ ಮುಖ ಬಿಳಿಚಿಕೊಂಡಿತು. ಸಿಂಹಾಚಲಂ ಕಡೆಯ ಪುರೋಹಿತರು ಮಾತ್ರ ತಡವರಿಸಲಿಲ್ಲ. "ಶುಭ ಶಕುನ ಅಮ್ಮಾ! ಲಕ್ಷ್ಮಿ ಇಲ್ಲೇ ನಿಂತುಬಿಟ್ಟಳು" ಅಂದರು.

"ಹಾಗಾದರೆ ಯಾರೂ ಅವಳನ್ನು ಕದಲಿಸಬೇಡಿ" ಅಂದರು ತಾಯಿ.

ಮಧ್ಯಾಹ್ನವಾದರೂ ಬೆಲ್ಟು ಮುಟ್ಟುವಂತಿಲ್ಲ. ಒಳಗೆ ಕಲ್ಲಿದ್ದಲು ಮುಗಿಯುತ್ತಾ ಬಂತು. ಇನ್ನೊಂದಿಷ್ಟು ಹೊತ್ತಾದರೆ ಸ್ಥಾವರವೇ ನಿಲ್ಲುತ್ತದೆ. ಊಟ ಮಾಡುತ್ತಿದ್ದ ಪುರೋಹಿತರ ಹತ್ತಿರ ಓಡಿದೆ. "ಪಂತುಲು ಗಾರು, ನಿಲ್ಲಿಸಿದವರು ನೀವು, ನೀವೇ ಹೊರಡಿಸಿ."

ಅವರು ಕೈ ತೊಳೆದುಕೊಂಡು ಬಂದು, "ಅಮ್ಮಾ, ಲಕ್ಷ್ಮಿ ಈಗ ಬಾಯ್ಲರಿನೊಳಗೆ ದಯಮಾಡಿಸುತ್ತಾಳೆ" ಎಂದು ಮಂತ್ರ ಹೇಳಿ ದೀಪ ಎತ್ತಿದರು. ಬೆಲ್ಟು ಹೊರಟಿತು. ಮಾಲೀಕರಿಗೆ ಆನಂದ. "ನೋಡಿದಿರಾ, ಲಕ್ಷ್ಮಿ ಸೀದಾ ಬಾಯ್ಲರಿಗೆ ಹೋದಳು!"

ನನ್ನ ಹಿಂದೆ ನಿಂತಿದ್ದ ಮ್ಯಾನೇಜರು ಮೆಲ್ಲಗೆ ನಿಟ್ಟುಸಿರು ಬಿಟ್ಟರು. "ಹಿಂದಿನವರ ಲಕ್ಷ್ಮಿಯೂ ಅಲ್ಲಿಗೇ ಹೋಗಿದ್ದಳು ಕಣ್ರೀ. ಆಮೇಲೆ ಚಿಮಣಿಯಿಂದ ಹೊರಗೆ ಹೋದಳು."