ಖಾಲಿ ಕುರ್ಚಿಗೆ ಹಳದಿ ಚೌಕ

ಮನೆಗೆ ಕ್ಯಾಮೆರಾ ಬಂದ ಮೇಲೆ ನಮ್ಮಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಡೆಯುವಾಗ ಮೈ ಜುಮ್ಮೆನ್ನುತ್ತದೆ, ಮಾರನೆಯ ದಿನ ಯಾರಿಗಾದರೂ ಹೇಳಹೊರಟರೆ ನಗು ಬರುತ್ತದೆ. ಎರಡರಲ್ಲಿ ಯಾವುದು ಸರಿಯೋ ನನಗಿನ್ನೂ ತಿಳಿದಿಲ್ಲ.

ನಾನು ಗದಗಿನ ಕಡೆಯವಳು. ಮದುವೆಯಾಗಿ ಚೆನ್ನೈನ ಪೆರಂಬೂರಿಗೆ ಬಂದೆ. ನಮ್ಮ ಮನೆಯವರು ರೈಲು ಬೋಗಿ ಕಾರ್ಖಾನೆಯಲ್ಲಿ ಸೀಟು ಕೂರಿಸುವ ವಿಭಾಗದಲ್ಲಿದ್ದರು. ಅವರು ತೀರಿಕೊಂಡು ವರ್ಷಗಳಾದವು. ಈಗ ಮನೆಯಲ್ಲಿ ನಾನು, ವಿಮಾ ಕಚೇರಿಗೆ ಹೋಗುವ ಮಗಳು, ಅವಳ ಮಗಳು, ಇಷ್ಟೇ ಜನ. ಈ ಮೊಮ್ಮಗಳು ಚೆನ್ನಾಗಿ ಓದಿ, ಸಿಕ್ಕ ನೌಕರಿ ಬಿಟ್ಟು, ಇನ್‌ಫ್ಲುಯೆನ್ಸರ್ ಆಗಿದ್ದಾಳೆ. ಅಂದರೆ ನಾನು ಜೋಳದ ರೊಟ್ಟಿ ಬಡಿಯುತ್ತೇನೆ, ಅವಳು ಅದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ತೋರಿಸುತ್ತಾಳೆ. ಚಾನೆಲ್ಲಿನ ಹೆಸರು ‘ರೊಟ್ಟಿ ಪಾಟಿ’. ರೊಟ್ಟಿ ನಮ್ಮ ಕಡೆಯದು, ಪಾಟಿ ಎಂದರೆ ಇಲ್ಲಿಯವರಿಗೆ ಅಜ್ಜಿ.

ಮಗಳಿಗೆ ಇದು ಹಿಡಿಸಿರಲಿಲ್ಲ. “ಪೊಂಗಲ್ ತನಕ ನೋಡ್ತೀನಿ. ಅಷ್ಟರಾಗ ಇದರಿಂದ ಏನಾರ ಆದರ ಸರಿ. ಇಲ್ಲಂದ್ರ ಪುಣೆದಾಗ ಕರ್ಯಾಕತ್ತಾರಲ್ಲ, ಆ ಕೆಲಸಕ್ಕ ಗಂಟು ಕಟ್ಟು” ಎಂದುಬಿಟ್ಟಿದ್ದಳು. ಮೊಮ್ಮಗಳಿಗಿಂತ ಹೆಚ್ಚು ಹೆದರಿದ್ದು ನಾನು. ನನ್ನ ಮಾತಿಗೆ ಅವಳು ಉತ್ತರ ಕೊಡುವುದು ತಮಿಳಿನಲ್ಲೇ. ಆದರೆ ನಾನು ಗದಗಿನ ಕಥೆ ಶುರು ಮಾಡಿದರೆ “ಅಪ್ಪುರಂ? ಆಮೇಲೆ?” ಎಂದು ಕೇಳುವವಳು ಈ ಮನೆಯಲ್ಲಿ ಅವಳೊಬ್ಬಳೇ. ಹಾಗೆ ಕೇಳುವವರಿಲ್ಲದಿದ್ದರೆ ಮಾತು ಬಾಯಲ್ಲೇ ಒಣಗಿಹೋಗುತ್ತದೆ.

ಸೀರೆ ಬದಲಾಯಿಸುವ ಕೆಲಸ

ಈ ಉದ್ಯೋಗದ ಒಂದು ಗುಟ್ಟು ಹೇಳುತ್ತೇನೆ. ವಾರಕ್ಕೆಲ್ಲ ಬೇಕಾದ ವೀಡಿಯೊಗಳನ್ನು ಒಂದೇ ದಿನ ತೆಗೆದಿಡುತ್ತಾರೆ. ಬೇರೆ ಬೇರೆ ದಿನ ಎಂದು ತೋರಬೇಕಲ್ಲ, ಅದಕ್ಕೆ ಪ್ರತಿ ಅಡುಗೆಗೂ ನಾನು ಒಂದು ಸೀರೆ ಬದಲಾಯಿಸಬೇಕು. ಬೆಳಗಿನಿಂದ ಸಂಜೆಯವರೆಗೆ ಉಡುವುದು, ಬಿಚ್ಚುವುದು. ಮದುವೆಯಲ್ಲೂ ನಾನು ಇಷ್ಟು ಸೀರೆ ಉಟ್ಟಿರಲಿಲ್ಲ. ಆಮೇಲೆ ಆ ವೀಡಿಯೊಗಳು ತಮ್ಮ ಪಾಡಿಗೆ ತಾವು, ದಿನಕ್ಕೊಂದರಂತೆ, ಹೇಳಿಟ್ಟ ಹೊತ್ತಿಗೆ ಹೊರಗೆ ಹೋಗುತ್ತವೆ.

ಎದುರು ಮನೆಯ ಮಾಮಿಗೆ ಇದು ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರು ಪಿಳ್ಳೆಯಾರ್, ಅಂದರೆ ಗಣಪತಿ, ಗುಡಿಯ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ನನ್ನನ್ನು ನೋಡುತ್ತಿದ್ದರು. ಫೋನಿನಲ್ಲಿ ನಾನು ಹಸಿರು ಸೀರೆಯುಟ್ಟು ಮೆಣಸಿನಕಾಯಿ ಹುರಿಯುತ್ತ, “ಇವತ್ತು ಬೆಳಿಗ್ಗೆ ಎದ್ದ ಕೂಡಲೇ ಇದನ್ನು ಮಾಡಬೇಕು ಅನ್ನಿಸಿತು” ಎನ್ನುತ್ತಿದ್ದೆ. ಅದೇ ಹೊತ್ತಿಗೆ ನಾನು ಕಂದು ಸೀರೆಯಲ್ಲಿ ಪ್ರದಕ್ಷಿಣೆ ಮುಗಿಸಿ ಅವರ ಪಕ್ಕದಲ್ಲಿ ಕೂತೆ.

ಮಾಮಿ ಫೋನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋನು ನೋಡಿದರು. ಫೋನಿನ ನಾನು ಕೆಮ್ಮಿದೆ. ಪಕ್ಕದಲ್ಲಿದ್ದ ನಾನು ಕೆಮ್ಮಲಿಲ್ಲ. ಮಾಮಿ ಮೆಲ್ಲಗೆ ಬಗ್ಗಿ ನನ್ನ ಪಾದ ನೋಡಿದರು, ಹಿಂದುಮುಂದಾಗಿವೆಯೇ ಎಂದು.

“ಮುಂದಕ್ಕೇ ಇವೆ ಮಾಮಿ,” ಎಂದೆ, “ಮಂಡಿ ನೋವು ಮಾತ್ರ ಇದೆ.”

ದೆವ್ವಕ್ಕೆ ಮಂಡಿ ನೋವಿರುವುದಿಲ್ಲ ಎಂದು ಯೋಚಿಸಿ ಅವರು ಸಮಾಧಾನ ಮಾಡಿಕೊಂಡರು. ಆದರೂ ಅಂದಿನಿಂದ ನಾನು ಅವರ ಬಾಗಿಲು ತಟ್ಟಿದರೆ ಅವರು ಮೊದಲು ಒಮ್ಮೆ ಫೋನು ತೆರೆದು, ನಾನು ಅಲ್ಲೂ ಇದ್ದೇನೆಯೇ ನೋಡಿಕೊಂಡೇ ಬಾಗಿಲು ತೆಗೆಯುತ್ತಾರೆ.

ತಿರುಗುವ ಸ್ಟ್ಯಾಂಡು

ಮೊಮ್ಮಗಳು ಒಂದು ಸ್ಟ್ಯಾಂಡು ತಂದಳು. ಅದರ ತಲೆಗೆ ಫೋನು ಸಿಕ್ಕಿಸಿದರೆ ಸಾಕು, ಫೋನು ಮುಖವನ್ನು ಗುರುತಿಸಿ ಅದರ ಸುತ್ತ ಹಳದಿ ಚೌಕ ಬರೆಯುತ್ತದೆ. ಆ ಮುಖ ಎಲ್ಲಿಗೆ ಹೋದರೂ ಸ್ಟ್ಯಾಂಡು ಗುಂಯ್ ಎಂದು ಅತ್ತ ತಿರುಗುತ್ತದೆ. ನಾನು ಒಲೆಯ ಹತ್ತಿರ ಹೋದರೆ ಒಲೆಯ ಕಡೆಗೆ, ರೊಟ್ಟಿ ಬಡಿಯುವ ಕಟ್ಟೆಗೆ ಬಂದರೆ ಕಟ್ಟೆಯ ಕಡೆಗೆ. ಒಂದು ವಾರ ಅದು, ಸಾಕಿದ ನಾಯಿಯ ಹಾಗೆ, ನನ್ನ ಹಿಂದೆಯೇ ಇತ್ತು.

ಆಮೇಲೆ ಒಂದು ಮಧ್ಯಾಹ್ನ, ನಾನು ಬದನೆಕಾಯಿ ಎಣ್ಣೆಗಾಯಿ ಒಲೆಯ ಮೇಲಿಟ್ಟು ರೊಟ್ಟಿ ಬಡಿಯುತ್ತಿದ್ದಾಗ, ಅದು ನನ್ನನ್ನು ಬಿಟ್ಟು ಕಿಟಕಿಯ ಕಡೆ ತಿರುಗಿತು. ಕಿಟಕಿಯ ಹತ್ತಿರ ನಮ್ಮ ಮನೆಯವರ ಬೆತ್ತದ ಕುರ್ಚಿ. ಅದರಲ್ಲಿ ಯಾರೂ ಇರಲಿಲ್ಲ. ಫೋನಿನ ಪರದೆಯಲ್ಲಿ, ಖಾಲಿ ಕುರ್ಚಿಯ ಮೇಲೆ, ಕೂತವರ ಮುಖ ಎಲ್ಲಿರಬೇಕೋ ಅಲ್ಲಿ ಹಳದಿ ಚೌಕ.

“ಸೆನ್ಸರ್ ಪ್ರಾಬ್ಲಂ ಪಾಟಿ” ಎಂದಳು ಮೊಮ್ಮಗಳು. ಹೇಳುತ್ತಲೇ ನನ್ನ ಹತ್ತಿರಕ್ಕೆ ಸರಿದುಕೊಂಡಳು.

ಅಷ್ಟರಲ್ಲಿ ಚೌಕ ಮೇಲೆದ್ದಿತು, ಕೂತವರು ಎದ್ದ ಹಾಗೆ. ಸ್ಟ್ಯಾಂಡು ನಿಧಾನವಾಗಿ ತಿರುಗತೊಡಗಿತು. ಚೌಕ ಕಿಟಕಿ ದಾಟಿತು, ಕಪಾಟು ದಾಟಿತು, ನನ್ನ ಬೆನ್ನ ಹಿಂದಿನಿಂದ ಹಾಯ್ದು ಒಲೆಯ ಮುಂದೆ ನಿಂತಿತು. ನಿಂತು, ಸ್ವಲ್ಪ ಬಗ್ಗಿತು. ನನ್ನ ಕುತ್ತಿಗೆಯ ಮೇಲೆ ತಣ್ಣಗೆ ಗಾಳಿ ಸುಳಿದಂತಾಯಿತು. ಸ್ವಲ್ಪ ಹೊತ್ತು ಹಾಗೇ ಇದ್ದು, ಬಂದ ದಾರಿಯಲ್ಲೇ ಕುರ್ಚಿಗೆ ಮರಳಿತು.

ನಾನು ಹೋಗಿ ಪಾತ್ರೆ ನೋಡಿದೆ. ಮುಚ್ಚಿದ್ದ ಮುಚ್ಚಳ ಓರೆಯಾಗಿತ್ತು.

ಉಪ್ಪು ಸರಿಯಾಗಿದ್ದಿರಬೇಕು. ಏನೂ ಅನ್ನಲಿಲ್ಲ.

ಗೋಡೆಯ ಮೇಲಿನ ಅಪರಿಚಿತ

ನಮ್ಮ ಮನೆಯವರಿಗೂ ಕ್ಯಾಮೆರಾಕ್ಕೂ ಬದುಕಿದ್ದಷ್ಟು ದಿನ ಆಗಿಬರಲಿಲ್ಲ. ಫೋಟೊಕ್ಕೆಂದು ಸರಿಯಾಗಿಯೇ ನಿಂತಿರುತ್ತಿದ್ದರು. ಕ್ಲಿಕ್ ಎನ್ನುವ ಆ ಒಂದು ಗಳಿಗೆಗೆ ಸರಿಯಾಗಿ ಅಲುಗಾಡುತ್ತಿದ್ದರು. ಮದುವೆಯ ಫೋಟೊದಲ್ಲಿ ನನ್ನ ಪಕ್ಕದಲ್ಲಿ ಒಂದು ರುಮಾಲು, ಅದರ ಕೆಳಗೆ ಹೊಗೆ. “ಗಂಡ ಎಲ್ಲಿದಾನ?” ಎಂದು ನಮ್ಮ ಸೋದರತ್ತೆ ಕೇಳಿದ್ದಳು. ಕಾರ್ಖಾನೆಯ ಬೀಳ್ಕೊಡುಗೆಯ ಫೋಟೊದಲ್ಲಿ ಸಾಲಾಗಿ ಕೂತವರ ಮೀಸೆಯ ಒಂದೊಂದು ಕೂದಲೂ ಕಾಣುತ್ತದೆ. ಮಧ್ಯದಲ್ಲಿ, ಹಾರ ಹಾಕಿಸಿಕೊಂಡ ಮನುಷ್ಯ ಮಾತ್ರ ಇದ್ದಿಲು ಒರೆಸಿದ ಹಾಗಿದ್ದಾನೆ.

“ಒಂದು ನಿಮಿಷ ನೆಟ್ಟಗ ನಿಂದರಾಕ ಏನಾಗತೈತ್ರಿ ನಿಮಗ?” ಎಂದು ಬೈದರೆ, “ನಾನೇನ ಕಂಬ ಏನ?” ಎನ್ನುತ್ತಿದ್ದರು.

ತೀರಿಕೊಂಡಾಗ ಹಾರ ಹಾಕಲು ಒಂದೂ ಫೋಟೊ ಇರಲಿಲ್ಲ. ಸ್ಟುಡಿಯೋದವನು ಆ ಬೀಳ್ಕೊಡುಗೆಯ ಹೊಗೆಯನ್ನೇ ಕಂಪ್ಯೂಟರಿಗೆ ಹಾಕಿ, ತಾನೇ ಕಣ್ಣು ಮೂಗು ಕೂಡಿಸಿ, ದೊಡ್ಡದು ಮಾಡಿ ಕೊಟ್ಟ. ಬಂದವರೆಲ್ಲ ಕೈಮುಗಿದರು. ನಾನೂ ಕೈಮುಗಿದೆ. ಆದರೆ ಅದರಲ್ಲಿರುವವರು ಬೇರೆ ಯಾರೋ. ಒಳ್ಳೆಯ ಮನೆತನದವರಂತೆ ಕಾಣುತ್ತಾರೆ.

ಇಷ್ಟು ವರ್ಷ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಪರಗಂಡಸಿನ ಹಣೆಗೆ ವಿಭೂತಿ ಹಚ್ಚುತ್ತಿದ್ದೇನೆ.

ಬೂಟು

ಆ ಎಣ್ಣೆಗಾಯಿಯ ವೀಡಿಯೊವನ್ನು ಮೊಮ್ಮಗಳು ತಡೆಹಿಡಿಯುವ ಮೊದಲೇ ಅದು ಹೊರಗೆ ಹೋಗಿಬಿಟ್ಟಿತ್ತು. ಜನ ಅಡುಗೆಯ ವಿಷಯ ಕೇಳುವುದನ್ನು ಬಿಟ್ಟರು. “ಪಾಟಿ, ಅಂದ ಚೇರ್‌ಲ ಯಾರು?” ಎಂದು ಕೇಳುವವರೇ ಎಲ್ಲ. ಆ ಕುರ್ಚಿಯಲ್ಲಿ ಯಾರು ಎಂದು ಕೇಳುವುದಿರಲಿ, ತಿರುಚ್ಚಿಯ ಒಬ್ಬರು “ತಾತಾ ಇವತ್ತು ಸೊರಗಿದ್ದಾರೆ” ಎಂದು ಬರೆದಿದ್ದರು. ಅವರಿಗೆ ಏನು ಕಾಣುತ್ತಿತ್ತೋ, ಕೇಳಲು ನಮಗೆ ಧೈರ್ಯ ಬರಲಿಲ್ಲ.

ಬೆಸೆಂಟ್ ನಗರದಿಂದ ಇನ್ನೊಬ್ಬ ಇನ್‌ಫ್ಲುಯೆನ್ಸರ್ ಬಂದ. ಇವನದು ದೆವ್ವ ಹುಡುಕುವ ಚಾನೆಲ್. ಕಪ್ಪು ಅಂಗಿ, ಕಪ್ಪು ಪ್ಯಾಂಟು, ಮಂಡಿಯವರೆಗೆ ಬೂಟು, ಕೈಯಲ್ಲಿ ಕಿರುಚುವ ಒಂದು ಯಂತ್ರ. ಬೂಟಿನಲ್ಲೇ ಅಡುಗೆಮನೆಗೆ ನುಗ್ಗಿ ಆ ಕುರ್ಚಿಯಲ್ಲೇ ಕೂತು, “ಯಾರಾದರೂ ಇದ್ದರೆ ತೋರಿಸಿಕೊಳ್ಳಿ!” ಎಂದು ಗಟ್ಟಿಯಾಗಿ ಕೂಗಿದ.

ಸ್ಟ್ಯಾಂಡು ಅವನ ಕಡೆ ತಿರುಗಲಿಲ್ಲ. ಅವನ ಎದುರಿಗಿದ್ದ ಖಾಲಿ ಜಾಗಕ್ಕೆ ತಿರುಗಿತು. ಆಮೇಲೆ ತಲೆ ಬಗ್ಗಿಸುತ್ತ ಬಗ್ಗಿಸುತ್ತ ಬಂದು ಅವನ ಬೂಟುಗಳನ್ನೇ ನೋಡುತ್ತ ನಿಂತಿತು. ಕದಲಲೇ ಇಲ್ಲ. ಹಳದಿ ಚೌಕ ಬೂಟಿಗೆ ಅಷ್ಟು ಹತ್ತಿರ.

“ಪಾಟಿ, ಏನದು?” ಅವನು ಯಂತ್ರವನ್ನು ಎದೆಗವಚಿಕೊಂಡ.

“ನಮ್ಮ ಮನೆಯವರಿಗೆ ಅಡುಗೆಮನೆಯೊಳಗೆ ಚಪ್ಪಲಿ ಆಗುತ್ತಿರಲಿಲ್ಲಪ್ಪ” ಎಂದೆ.

ಅವನು ಬೂಟು ಕಿತ್ತುಹಾಕಿದ. ಸ್ಟ್ಯಾಂಡು ಮೆಲ್ಲಗೆ ತಲೆಯೆತ್ತಿತು. ಅವನು ಹೊರಟ ವೇಗಕ್ಕೆ ಕೈಯಿಂದ ಜಾರಿದ ಯಂತ್ರ ಮೆಟ್ಟಿಲ ಮೇಲೆ ಇನ್ನೂ ಕಿರುಚುತ್ತಲೇ ಇತ್ತು. ನಾನು ಎತ್ತಿಟ್ಟ ಬೂಟುಗಳು ಇವತ್ತಿಗೂ ನಮ್ಮ ಬಾಗಿಲ ಹೊರಗಿವೆ. ಗಂಡಸರ ಬೂಟು ಕಂಡರೆ ಕಳ್ಳರು ಬರುವುದಿಲ್ಲವಂತೆ.

ನೆಟ್ಟಗೆ ನಿಲ್ಲದ ಮನುಷ್ಯ

ಮಗಳು ಸಿಟ್ಟಾದಳು. “ರೊಟ್ಟಿ ತೋರಸ್ತೀವಿ ಅಂದ್ರಿ. ಈಗ ಮನೀನ ದೆವ್ವದ ಮನಿ ಆತು. ಸತ್ತ ಅಪ್ಪನ್ನ ಇಟಗೊಂಡು ಆಟ ಆಡ್ತೀರೇನು? ಪೊಂಗಲ್ ಬಂತು. ಚೀಲ ತಗಿ.” ಮೊಮ್ಮಗಳು ಅಟ್ಟದಿಂದ ಸೂಟ್‌ಕೇಸ್ ಇಳಿಸಿದಳು. ಅದು ಹಾಲ್‌ನಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು. ನಾನು ಅದನ್ನು ದಾಟಿಕೊಂಡೇ ಓಡಾಡಬೇಕಿತ್ತು.

ಆಗ ನುಂಗಂಬಾಕ್ಕಂನಿಂದ ಫೋನು ಬಂತು. ಒಂದು ಮಸಾಲೆ ಕಂಪನಿ. ವರ್ಷವಿಡೀ ನಮ್ಮ ಚಾನೆಲ್ಲಿನ ಜೊತೆ ಕೆಲಸ ಮಾಡಲು ತಯಾರಿದ್ದರು. ಮೊದಲು ಒಂದು ಲೈವ್ ನೋಡಬೇಕು, ಅಂದರೆ ಜನ ನೋಡುತ್ತಿರುವಾಗಲೇ ನಾನು ಅಡುಗೆ ಮಾಡಬೇಕು. ಲೈವ್ ದಿನ ಬೆಳಿಗ್ಗೆಯೇ ಕಂಪನಿಯ ಮ್ಯಾಡಂ ಬಂದು, ಬಾಗಿಲ ಹತ್ತಿರದ ಬೂಟು ನೋಡಿ, ಒಳಗೆ ಬಂದು ಕೂತರು. “ಪೇಯ್ ಗೀಯ್ ವೇಂಡಾಂ ಪಾಟಿ. ದೆವ್ವ ಬೇಡ. ನಮ್ಮದು ಕುಟುಂಬದ ಮಸಾಲೆ. ಆ ಸ್ಟ್ಯಾಂಡು ಕುರ್ಚಿಯ ಕಡೆ ತಿರುಗಿತೋ, ನಾನು ಎದ್ದು ಹೋಗುತ್ತೇನೆ” ಎಂದರು.

ಸ್ಟ್ಯಾಂಡು ತಿರುಗದಂತೆ ಕಟ್ಟಿಹಾಕಿದರೆ ನಾನು ಒಲೆಗೆ ಹೋದಾಗ ಬರೀ ಗೋಡೆ ಕಾಣುತ್ತದೆ. ಆದ್ದರಿಂದ ಮೊಮ್ಮಗಳು ಬೇರೆ ಉಪಾಯ ಮಾಡಿದಳು. ಕುರ್ಚಿಯನ್ನೇ ಎತ್ತಿ ಬಾಲ್ಕನಿಗೆ ಹಾಕಿದಳು. ಮಗಳು ಕಚೇರಿಗೆ ರಜೆ ಹಾಕಿ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು.

ಲೈವ್ ಶುರುವಾಯಿತು. ಚೆನ್ನಾಗಿಯೇ ನಡೆದಿತ್ತು. ರೊಟ್ಟಿ ಹೆಂಚಿನ ಮೇಲೆ ಉಬ್ಬಿತು. ನಾನು ಮಸಾಲೆಯ ಪೊಟ್ಟಣ ಕೈಗೆತ್ತಿಕೊಂಡೆ. ಆಗ ಗುಂಯ್ ಎಂದಿತು.

ಸ್ಟ್ಯಾಂಡು ಕಿಟಕಿಯ ಕಡೆಗೆ ತಿರುಗಿತ್ತು. ಅಲ್ಲಿ ಕುರ್ಚಿಯೂ ಇರಲಿಲ್ಲ. ಹಳದಿ ಚೌಕ ಮಾತ್ರ ಎಂದಿಗಿಂತ ಎತ್ತರದಲ್ಲಿ, ಆಳು ನಿಂತಷ್ಟು ಎತ್ತರದಲ್ಲಿ, ನಡುಗುತ್ತಿತ್ತು. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ. ಕೂರಲು ಜಾಗ ಹುಡುಕುವವರ ಹಾಗೆ. ಇಡೀ ಜನ್ಮ ಊರಿನ ಮಂದಿಗೆಲ್ಲ ಸೀಟು ಕೂರಿಸಿದ ಮನುಷ್ಯ.

ಮ್ಯಾಡಂ ಕೈಚೀಲ ತೆಗೆದುಕೊಂಡು ಎದ್ದರು. ಮೊಮ್ಮಗಳು ಹಾಲ್‌ನಲ್ಲಿದ್ದ ಸೂಟ್‌ಕೇಸಿನ ಕಡೆ ನೋಡಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಲೈವ್ ಎನ್ನುವುದೂ ಮರೆತು, ಸೌಟು ಹಿಡಿದು ಕಿಟಕಿಯ ಕಡೆ ತಿರುಗಿ ಗದಗಿನ ಬಾಯಿ ಬಿಟ್ಟೆ.

“ಏನ್ರೀ! ಇಡೀ ಜನ್ಮ ಅಲಗ್ಯಾಡಿದ್ದು ಸಾಲಲಿಲ್ಲೇನು? ಮೊಮ್ಮಗಳ ಬಾಳೇವದ ಪ್ರಶ್ನಿ ಐತಿ. ಅಕಿ ಪುಣೆಕ್ಕ ಹೋದರ ನನ್ನ ಜೋಡಿ ಮಾತಾಡಾಕ ನೀವು ಬರ್ತೀರೇನು? ಸುಮ್ಮ ಒಂದ ಕಡೆ ಕೂಡ್ರಿ! ಯಾರರ ಆ ಕುರ್ಚಿ ತಂದು ಹಾಕ್ರೆ, ಮನಷ್ಯಾ ನಿಂತಾನ!”

ಬಾಗಿಲಲ್ಲಿದ್ದ ಮಗಳು ಬಾಲ್ಕನಿಗೆ ಹೋದಳು. ಕುರ್ಚಿ ತಂದಳು. ಕಿಟಕಿಯ ಹತ್ತಿರ ಇಟ್ಟು, ಸೆರಗಿನಿಂದ ಅದರ ಧೂಳು ಒರೆಸಿ, “ಕೂಡ್ರಪ್ಪ” ಎಂದಳು.

ಚೌಕ ಕೆಳಗಿಳಿಯಿತು. ಬೆತ್ತ ಕಿರ್ ಎಂದಿತು. ಆಮೇಲೆ ಸ್ಟ್ಯಾಂಡು ಗುಂಯ್ ಎಂದು ನನ್ನ ಕಡೆಗೆ ತಿರುಗಿತು. ಲೈವ್ ಮುಗಿಯುವವರೆಗೂ ಅಲ್ಲಾಡಲಿಲ್ಲ. ನನ್ನ ಜೀವಮಾನದಲ್ಲಿ ಅವರು ನನ್ನ ಮಾತು ಕೇಳಿದ್ದು ಅದೇ ಮೊದಲು.

ಮ್ಯಾಡಂ ನಿಂತಲ್ಲೇ ನಿಂತಿದ್ದರು. ಕಣ್ಣೊರೆಸಿಕೊಂಡು ಮತ್ತೆ ಕೂತರು. “ದೆವ್ವ ಬೇಡ ಅಂದಿದ್ದೆ. ಇದು ದೆವ್ವ ಅಲ್ಲ ಪಾಟಿ, ಇದು ಕುಟುಂಬ” ಎಂದರು. ಮಗಳು ಸೂಟ್‌ಕೇಸ್ ಮುಚ್ಚಿ ತಾನೇ ಅಟ್ಟಕ್ಕೆ ಹಾಕಿದಳು.

ಇಷ್ಟಕ್ಕೆ ಮುಗಿಯಲಿಲ್ಲ. ಲೈವ್ ನೋಡುತ್ತಿದ್ದ ಯಾರೋ ಒಬ್ಬರು, ಮಗಳು ಕುರ್ಚಿ ಇಟ್ಟ ಆ ಗಳಿಗೆಯನ್ನು ಫೋಟೊ ಹಿಡಿದು ಕಳಿಸಿದ್ದರು. ಮೊಮ್ಮಗಳು ಅದನ್ನು ದೊಡ್ಡದು ಮಾಡಿದಳು. ಕುರ್ಚಿ ಸ್ಪಷ್ಟ, ಕಿಟಕಿಯ ಸರಳು ಸ್ಪಷ್ಟ, ಹೊರಗೆ ಒಣಹಾಕಿದ ನನ್ನ ಸೀರೆಯ ಅಂಚೂ ಸ್ಪಷ್ಟ. ಹಳದಿ ಚೌಕದೊಳಗೆ ಮಾತ್ರ ಯಾರೋ ಇದ್ದಿಲು ಒರೆಸಿದ ಹಾಗೆ ಒಂದು ಹೊಗೆ.

ಮ್ಯಾಡಂ ನನ್ನ ತೋಳು ಹಿಡಿದು ಪಿಸುಗುಟ್ಟಿದರು. “ಯಾರು ಪಾಟಿ ಇದು?”

“ನಮ್ಮ ಮನೆಯವರು.”

“ಮುಖವೇ ಕಾಣುತ್ತಿಲ್ಲವಲ್ಲ. ಅವರೇ ಅಂತ ಹೇಗೆ ಹೇಳುತ್ತೀರಿ?”

“ಅದಕ್ಕೇ” ಎಂದೆ.